ಹಿಮದ ಊರಿನಿಂದ ಬಿಸಿಲಿಗೆ: ನ್ಯೂಜೆರ್ಸಿಯಿಂದ ಚಳಿಗಾಲದ ಫ್ಯಾಮಿಲಿ ಕ್ರೂಸ್, ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿಗಾಲದಲ್ಲಿ ಊರಿಂದ ಅಪ್ಪ-ಅಮ್ಮ ಬಂದರೆ ಏನಾಗುತ್ತದೆ ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ಮೊದಲ ಹಿಮ ಬಿದ್ದ ದಿನ ಕಿಟಕಿ ಹತ್ತಿರ ನಿಂತು ಖುಷಿಯಿಂದ ಫೋಟೊ ತೆಗೆಯುತ್ತಾರೆ. ಆಮೇಲೆ ವಾರಗಟ್ಟಲೆ ಹೊಸಿಲು ದಾಟುವುದಿಲ್ಲ. ನಾವು ಆಫೀಸಿಗೆ, ಮಕ್ಕಳು ಸ್ಕೂಲಿಗೆ. ಅವರು ನಾಲ್ಕು ಗೋಡೆ ನೋಡಿಕೊಂಡು ಕೂತಿರುತ್ತಾರೆ.

ಅಂಥ ಒಂದು ಫೆಬ್ರವರಿಯಲ್ಲಿ ಹಾಸನದಿಂದ ಬಂದಿದ್ದ ಅಪ್ಪ-ಅಮ್ಮ, ಇಬ್ಬರು ಮಕ್ಕಳು, ನಾವಿಬ್ಬರು, ಒಟ್ಟು ಆರು ಜನ ನ್ಯೂಜೆರ್ಸಿಯ ಬೇಯೋನ್ ಬಂದರಿನಲ್ಲಿ ಹಡಗು ಹತ್ತಿ ಬಹಾಮಾಸ್‌ಗೆ ಹೋಗಿಬಂದೆವು. ಅದಕ್ಕೂ ಮುಂಚೆ ಒಂದು ಸಲ ನಾವು ನಾಲ್ವರೇ ಹೋಗಿದ್ದೆವು. ಅಲ್ಲಿಂದೀಚೆಗೆ ಗೆಳತಿಯರು, ಅವರ ಗೆಳತಿಯರು ಫೋನ್ ಮಾಡಿ ಕೇಳುತ್ತಲೇ ಇದ್ದಾರೆ. ಆ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಇಟ್ಟಿದ್ದೇನೆ.

ಸುಮ್ನೆ ವಿಮಾನದಲ್ಲಿ ಮಯಾಮಿಗೆ ಹೋಗಿ ಅಲ್ಲಿ ಹಡಗು ಹತ್ತೋದು ಒಳ್ಳೇದಲ್ವಾ?

ಗಂಡ-ಹೆಂಡತಿ ಇಬ್ಬರೇ ಆದರೆ ಹೌದು. ಮಯಾಮಿಯಿಂದ ಹೊರಟರೆ ಮೊದಲ ದಿನವೇ ಬಿಸಿಲು.

ಆರು ಜನ ಆದಾಗ ಲೆಕ್ಕ ಬೇರೆ. ಆರು ಟಿಕೆಟ್, ಅದೂ ಸ್ಕೂಲ್ ರಜೆಯ ವಾರದ ರೇಟಿನಲ್ಲಿ. ಹಿಮ ಬಿದ್ದು ಫ್ಲೈಟ್ ರದ್ದಾದರೆ ಹಡಗು ನಿಮಗಾಗಿ ಕಾಯುವುದಿಲ್ಲ, ಹಾಗಾಗಿ ಒಂದು ದಿನ ಮೊದಲೇ ಹೋಗಿ ಹೋಟೆಲಿನಲ್ಲಿ ಇರಬೇಕು. ಎರಡು ವಿಮಾನ ಬದಲಿಸಿ, ಇಪ್ಪತ್ತಕ್ಕೂ ಜಾಸ್ತಿ ಗಂಟೆ ಕೂತು ಅಮೆರಿಕಕ್ಕೆ ಬಂದ ಎಪ್ಪತ್ತರ ಅಪ್ಪನನ್ನು ಮತ್ತೆ ಸೆಕ್ಯೂರಿಟಿ ಸಾಲಿನಲ್ಲಿ ನಿಲ್ಲಿಸೋಕೆ ನನಗೆ ಮನಸ್ಸಾಗಲಿಲ್ಲ. ನಾವಿರುವ ಎಡಿಸನ್‌ನಿಂದ ಬೇಯೋನ್ ಮುಕ್ಕಾಲು ಗಂಟೆಯ ದಾರಿ. ಮನೆ ಬಾಗಿಲಲ್ಲಿ ಸೂಟ್‌ಕೇಸ್ ಕಾರಿಗೆ ಹಾಕಿದರೆ, ಮತ್ತೆ ಅದನ್ನು ನೋಡೋದು ಹಡಗಿನ ರೂಮಿನ ಬಾಗಿಲಲ್ಲಿ.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿಂದ ಹೊರಟರೆ ಹೋಗುವಾಗ ಹೆಚ್ಚುಕಮ್ಮಿ ಎರಡು ದಿನ, ಬರುವಾಗ ಎರಡು ದಿನ ಬರೀ ಸಮುದ್ರ. ಅಷ್ಟೂ ಹೊತ್ತು ಹಡಗೇ ನಿಮ್ಮ ಊರು. ಇದನ್ನು ಒಪ್ಪಿಕೊಂಡು ಹೊರಟವರು ಖುಷಿಯಾಗಿ ಬರುತ್ತಾರೆ. ಬಹಾಮಾಸ್ ಮಾತ್ರ ತಲೆಯಲ್ಲಿಟ್ಟುಕೊಂಡು ಹೊರಟವರು ಎರಡನೇ ದಿನವೇ ಬೇಜಾರಾಗುತ್ತಾರೆ. ಮುಂದಿನ ಉತ್ತರಗಳಲ್ಲಿ ಮುಕ್ಕಾಲು ಭಾಗ ಇದರ ಮೇಲೇ ನಿಂತಿವೆ.

ಈ ಕಡೆ ಯಾವ್ಯಾವ ಬಂದರಿಂದ ಹೊರಡಬಹುದು?

ನ್ಯೂಜೆರ್ಸಿಯವರಿಗೆ ಹತ್ತಿರದ್ದು ಬೇಯೋನ್‌ನ ಕೇಪ್ ಲಿಬರ್ಟಿ. ಹಿಂದೆ ಅದು ಸೇನೆಯ ಸರಕು ಬಂದರಾಗಿತ್ತು. 2004ರಿಂದ ಅಲ್ಲಿ ಕ್ರೂಸ್ ಹಡಗುಗಳು ಬರುತ್ತಿವೆ. ನ್ಯೂಜೆರ್ಸಿ ಟರ್ನ್‌ಪೈಕ್ ಹೆದ್ದಾರಿಯಲ್ಲಿ 14ಎ ಎಕ್ಸಿಟ್. ನ್ಯೂಅರ್ಕ್ ವಿಮಾನ ನಿಲ್ದಾಣದಿಂದ ಟ್ರಾಫಿಕ್ ಇಲ್ಲದಿದ್ದರೆ ಇಪ್ಪತ್ತು ನಿಮಿಷ.

ಮ್ಯಾನ್‌ಹ್ಯಾಟನ್‌ನ ಟರ್ಮಿನಲ್ ಹಡ್ಸನ್ ನದಿ ದಡದಲ್ಲಿ, 12ನೇ ಅವೆನ್ಯೂನಲ್ಲಿದೆ. ಬ್ರೂಕ್ಲಿನ್‌ನದ್ದು ರೆಡ್ ಹುಕ್‌ನಲ್ಲಿ, 2006ರಲ್ಲಿ ಶುರುವಾಯಿತು. ಮೇರಿಲ್ಯಾಂಡ್, ವರ್ಜೀನಿಯಾ ಕಡೆಯವರಿಗೆ ಬಾಲ್ಟಿಮೋರ್ ಸುಲಭ. ಬಾಸ್ಟನ್‌ನಿಂದ ಹೊರಡುವ ಹಡಗುಗಳು ಹೆಚ್ಚಾಗಿ ಬೇಸಿಗೆ ಮತ್ತು ಫಾಲ್ ಸೀಸನ್ನಿನವು. ನಾನು ಹೋಗಿರೋದು ಬೇಯೋನ್‌ನಿಂದ ಮಾತ್ರ, ಆದ್ದರಿಂದ ಮುಂದೆ ಹೇಳುವುದೆಲ್ಲ ಅದರ ಅನುಭವ.

ಎಷ್ಟು ದಿನ ಚಳಿ, ಯಾವಾಗ ಬಿಸಿಲು?

ಜನವರಿಯಲ್ಲಿ ನ್ಯೂಯಾರ್ಕಿನ ಮಧ್ಯಾಹ್ನ ಸುಮಾರು 40 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 4 ಡಿಗ್ರಿ ಸೆಲ್ಸಿಯಸ್. ಬಹಾಮಾಸ್‌ನ ರಾಜಧಾನಿ ನಸ್ಸೌನಲ್ಲಿ ಅದೇ ದಿನ 25 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಎರಡರ ನಡುವೆ ಸುಮಾರು ಸಾವಿರ ನಾಟಿಕಲ್ ಮೈಲಿ. ಹಡಗು 20 ನಾಟ್, ಅಂದರೆ ಗಂಟೆಗೆ 20 ನಾಟಿಕಲ್ ಮೈಲಿ ವೇಗದಲ್ಲಿ ಹೋದರೂ ಎರಡು ಹಗಲು ಎರಡು ರಾತ್ರಿ ಹಿಡಿಯುತ್ತದೆ.

ಹೊರಟ ಸಂಜೆ ಡೆಕ್ ಮೇಲೆ ಕೊರೆಯುವ ಗಾಳಿ. ಮಾರನೇ ದಿನ ಬೆಳಿಗ್ಗೆ ಕೆರೊಲಿನಾ ಕಡೆ ಬರುವಾಗಲೂ ಸ್ವೆಟರ್ ಬೇಕು. ಗಲ್ಫ್ ಸ್ಟ್ರೀಮ್ ಅನ್ನುವ ಬೆಚ್ಚನೆ ಪ್ರವಾಹ ಇರೋದು ಆ ಕಡೆಯೇ. ಅದನ್ನು ದಾಟುವಾಗ ಗಾಳಿಯ ಗುಣವೇ ಬದಲಾಗುತ್ತದೆ. ಎರಡನೇ ದಿನ ಸಂಜೆ ನಮ್ಮಪ್ಪ ಡೆಕ್‌ಗೆ ಹೋದವರು ಮಫ್ಲರ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದರು. "ಗಾಳಿ ಮೆತ್ತಗಾಗಿದೆ ಕಣಮ್ಮ" ಅಂದರು. ಮೂರನೇ ದಿನ ಬೆಳಿಗ್ಗೆ ಮಂಕಿ ಕ್ಯಾಪೂ ಸೂಟ್‌ಕೇಸಿನೊಳಗೆ ಹೋಯಿತು.

ಚಳಿಗಾಲದಲ್ಲಿ ಸಮುದ್ರ ತುಂಬಾ ಒರಟಾಗಿರುತ್ತದಾ? ಹೆದರಿಕೆ ಇದೆ.

ಇದನ್ನು ಮುಚ್ಚಿಡುವುದಿಲ್ಲ. ಬೇಸಿಗೆಗಿಂತ ಜಾಸ್ತಿ ಹೊಯ್ದಾಟ ಇರುತ್ತದೆ.

ಅಟ್ಲಾಂಟಿಕ್‌ನಲ್ಲಿ ಹರಿಕೇನ್ ಸೀಸನ್ ಜೂನ್ 1ರಿಂದ ನವೆಂಬರ್ 30ರವರೆಗೆ. ಚಳಿಗಾಲದಲ್ಲಿ ಆ ಭಯ ಇಲ್ಲ. ಆದರೆ ಈ ಕಡೆ ನಾರ್‌ಈಸ್ಟರ್ ಅನ್ನುವ ಬಿರುಗಾಳಿಗಳು ಬರುತ್ತವೆ. ದಾರಿಯಲ್ಲಿ ಒರಟಾದ ಜಾಗ ಅಂದರೆ ನಾರ್ತ್ ಕೆರೊಲಿನಾದ ಕೇಪ್ ಹ್ಯಾಟರಸ್. ಅಲ್ಲಿ ಮುಳುಗಿದ ಹಡಗುಗಳು ಅಷ್ಟೊಂದು ಇರುವುದರಿಂದ ಆ ಕಡಲಿಗೆ ಅಟ್ಲಾಂಟಿಕ್‌ನ ಸ್ಮಶಾನ ಅಂತಲೇ ಹೆಸರು. ಬೆಚ್ಚನೆ ಪ್ರವಾಹ ಈಶಾನ್ಯಕ್ಕೆ ಹರಿಯುತ್ತಿರುತ್ತದೆ, ಉತ್ತರದ ತಣ್ಣನೆ ಗಾಳಿ ಅದಕ್ಕೆ ಎದುರು ಬೀಸುತ್ತದೆ. ಆಗ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ.

2016ರ ಫೆಬ್ರವರಿಯಲ್ಲಿ ಬೇಯೋನ್‌ನಿಂದ ಹೊರಟ, ರಾಯಲ್ ಕೆರಿಬಿಯನ್ ಕಂಪನಿಯ ಆಂಥಮ್ ಆಫ್ ದ ಸೀಸ್ ಹಡಗು ಹ್ಯಾಟರಸ್ ಹತ್ತಿರ ದೊಡ್ಡ ಬಿರುಗಾಳಿಗೆ ಸಿಕ್ಕಿ, ಪ್ರವಾಸ ಅರ್ಧಕ್ಕೇ ಬಿಟ್ಟು ವಾಪಸ್ ಬಂತು. ಅಲೆಗಳು 30 ಅಡಿ ಎದ್ದಿದ್ದವು. ಕೆಲವರಿಗೆ ಸಣ್ಣಪುಟ್ಟ ಗಾಯ ಆಯಿತು. ಅದಾದ ಮೇಲೆ ಆ ಕಂಪನಿ ಹವಾಮಾನ ನೋಡಿಕೊಳ್ಳಲೆಂದೇ ತನ್ನದೇ ತಜ್ಞರನ್ನು ಇಟ್ಟುಕೊಂಡಿತು. ನೀವು ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಆ ವಿಡಿಯೊಗಳೇ ಮೊದಲು ಸಿಗೋದು. ಅವನ್ನು ಹೊರಡುವ ಹಿಂದಿನ ರಾತ್ರಿ ಅಮ್ಮನಿಗೆ ತೋರಿಸಬೇಡಿ.

ಮಾಮೂಲಿ ಹೊಯ್ದಾಟ ಹೇಗಿರುತ್ತದೆ ಅಂದರೆ, ನಮ್ಮ ಎರಡನೇ ಪ್ರವಾಸದ ಮೊದಲ ರಾತ್ರಿ ಹನ್ನೆರಡರ ಹೊತ್ತಿಗೆ ಬೀರುವಿನೊಳಗಿನ ಹ್ಯಾಂಗರ್‌ಗಳು ಟಕ್ ಟಕ್ ಅಂತ ಒಂದಕ್ಕೊಂದು ಬಡಿಯೋಕೆ ಶುರುವಾದವು. ಬಾತ್‌ರೂಮಿನ ಬಾಗಿಲು ಕಿರ್ರೆಂದಿತು. ಟೇಬಲ್ ಮೇಲಿನ ಲೋಟದ ನೀರು ನಿಧಾನಕ್ಕೆ ಒಂದು ಕಡೆ ವಾಲಿ, ಮತ್ತೆ ಇನ್ನೊಂದು ಕಡೆ ವಾಲಿತು. ಮಕ್ಕಳು ತೊಟ್ಟಿಲಲ್ಲಿ ಮಲಗಿದಂತೆ ಮಲಗಿದ್ದರು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಎದ್ದು ಹ್ಯಾಂಗರ್‌ಗಳನ್ನೆಲ್ಲ ತೆಗೆದು ಟವೆಲ್‌ನಲ್ಲಿ ಸುತ್ತಿಟ್ಟೆ. ಸದ್ದು ನಿಂತಮೇಲೆ ಹೆದರಿಕೆಯೂ ಅರ್ಧ ಇಳಿಯಿತು. ಹ್ಯಾಂಗರ್ ಸುತ್ತಿಡೋದು ಈಗ ನಾನು ಎಲ್ಲರಿಗೂ ಹೇಳುವ ಮೊದಲ ಕೆಲಸ.

ಹವೆ ಕೆಟ್ಟರೆ ಕ್ಯಾಪ್ಟನ್ ಒಂದು ಊರನ್ನೇ ಬಿಟ್ಟು ಮುಂದೆ ಹೋಗಬಹುದು, ಹೋಗುವ ಕ್ರಮ ಬದಲಿಸಬಹುದು. ಆಗ ಸಾಮಾನ್ಯವಾಗಿ ಆ ಬಂದರಿನ ತೆರಿಗೆ-ಶುಲ್ಕ ಮಾತ್ರ ವಾಪಸ್ ಸಿಗುತ್ತದೆ.

ತಲೆಸುತ್ತು, ವಾಂತಿ ಬಂದರೆ?

ಹಡಗಿನ ಮಧ್ಯಭಾಗದ, ಕೆಳಗಿನ ಡೆಕ್‌ನ ರೂಮ್ ತೆಗೆದುಕೊಳ್ಳಿ. ತೂಗುಯ್ಯಾಲೆ ನೆನಪಿಸಿಕೊಳ್ಳಿ. ತುದಿಗೆ ಕೂತವರಿಗೆ ತೂಗು ಜಾಸ್ತಿ, ನಡುವೆ ಕೂತವರಿಗೆ ಕಮ್ಮಿ. ಹಡಗಿನ ಪಕ್ಕದಲ್ಲಿ ಸ್ಟೆಬಿಲೈಜರ್ ಅನ್ನುವ ರೆಕ್ಕೆಗಳಿರುತ್ತವೆ. ಅವು ಪಕ್ಕಕ್ಕೆ ವಾಲುವುದನ್ನು ತಡೆಯುತ್ತವೆ, ಮುಂದೆ-ಹಿಂದೆ ಏಳೋದನ್ನು ತಡೆಯಲ್ಲ.

ಮಾತ್ರೆ ಹೊಟ್ಟೆ ತೊಳೆಸುವುದಕ್ಕೆ ಮೊದಲೇ ಕೆಲಸ ಮಾಡುತ್ತದೆ, ಶುರುವಾದ ಮೇಲೆ ಅಷ್ಟಾಗಿ ಮಾಡುವುದಿಲ್ಲ. ಆದ್ದರಿಂದ ಮನೆ ಬಿಡುವ ಮುಂಚೆ ಡಾಕ್ಟರ್ ಹತ್ತಿರ ಕೇಳಿ ಇಟ್ಟುಕೊಳ್ಳಿ. ಮಕ್ಕಳಿಗೂ, ಬಿಪಿ ಮಾತ್ರೆ ತಿನ್ನುವ ಹಿರಿಯರಿಗೂ ದೊಡ್ಡವರ ಮಾತ್ರೆ ಹಾಗೇ ಕೊಡಬೇಡಿ. ಅಮ್ಮ ಒಣಶುಂಠಿ ಚೂರು ಬಾಯಲ್ಲಿಟ್ಟುಕೊಂಡು, ದೊಡ್ಡ ಕಿಟಕಿ ಎದುರು ದೂರದ ದಿಗಂತ ನೋಡುತ್ತಾ ಕೂತಿದ್ದರು. ಅವರಿಗೆ ಅಷ್ಟೇ ಸಾಕಾಯಿತು. ಖಾಲಿ ಹೊಟ್ಟೆಯಲ್ಲಿ ಇರಬೇಡಿ. ಫೋನ್ ನೋಡುತ್ತಾ ಮಲಗಿದರೆ ತಲೆಸುತ್ತು ಜಾಸ್ತಿ.

ಹಡಗು ಆರಿಸುವಾಗ ಏನು ನೋಡಬೇಕು?

ಎಲ್ಲರೂ ಮೊದಲು ಯಾವ ದ್ವೀಪ ಅಂತ ನೋಡುತ್ತಾರೆ. ನಾನು ಮೊದಲು ನೋಡೋದು ಹಡಗಿನ ಒಳಗೆ ಏನಿದೆ ಅಂತ. ಮೊದಲ ಎರಡು ದಿನ, ಕೊನೆಯ ಒಂದೂವರೆ ದಿನ ಮಕ್ಕಳು ಹೊರಗಿನ ಪೂಲ್‌ಗೆ ಇಳಿಯೋಕಾಗಲ್ಲ. ಚಾವಣಿ ಇರುವ ಪೂಲ್ ಇದೆಯಾ? ಒಳಾಂಗಣದಲ್ಲಿ ಓಡಾಡೋಕೆ, ಆಡೋಕೆ ಜಾಗ ಇದೆಯಾ? ಲೈಬ್ರರಿ, ಬೋರ್ಡ್ ಗೇಮ್ ಕೋಣೆ? ರಾಯಲ್ ಕೆರಿಬಿಯನ್‌ನ ಕ್ವಾಂಟಮ್ ಸಾಲಿನ ಹಡಗುಗಳಲ್ಲಿ ಸೀಪ್ಲೆಕ್ಸ್ ಅಂತ ಒಳಗಿನ ಆಟದ ಮೈದಾನವೇ ಇದೆ. ಬಂಪರ್ ಕಾರ್, ಬಾಸ್ಕೆಟ್‌ಬಾಲ್ ಎಲ್ಲ ಅಲ್ಲೇ.

ಗಾಜಿನ ಚಾವಣಿಯ ಪೂಲ್ ಫೋಟೊ ನೋಡಿ ಮೋಸ ಹೋಗಬೇಡಿ. ಹಲವು ಹಡಗುಗಳಲ್ಲಿ ಸೊಲೇರಿಯಮ್ ಅನ್ನುವ ಆ ಜಾಗ 16 ವರ್ಷ ದಾಟಿದವರಿಗೆ ಮಾತ್ರ. ಬುಕ್ ಮಾಡುವ ಮುಂಚೆ ಅದೇ ಹಡಗಿನ ಡೆಕ್ ನಕ್ಷೆ ತೆಗೆದು ನೋಡಿ. ಒಂದೇ ಬಂದರಿಗೆ ಪ್ರತಿ ಸೀಸನ್‌ನಲ್ಲಿ ಹಡಗು ಬದಲಾಗುತ್ತಿರುತ್ತದೆ. ಹೋದ ವರ್ಷ ಹೋದವರು ಹೇಳಿದ ಮಾತು ಈ ವರ್ಷಕ್ಕೆ ನಿಲ್ಲದೇ ಇರಬಹುದು.

ಆರು ಜನಕ್ಕೆ ರೂಮ್ ಹೇಗೆ? ಬಾಲ್ಕನಿ ಬೇಕಾ?

ಚಳಿಗಾಲದಲ್ಲಿ ಬಾಲ್ಕನಿ ಉಪಯೋಗಕ್ಕೆ ಬರೋದು ಏಳರಲ್ಲಿ ಮೂರು-ನಾಲ್ಕು ದಿನ. ಅಷ್ಟು ದುಡ್ಡು ಅದಕ್ಕೆ ಹಾಕೋದು ಬೇಡ ಅನ್ನೋದು ನನ್ನ ಅಭಿಪ್ರಾಯ. ಅಪ್ಪ-ಅಮ್ಮನಿಗೆ ಕಿಟಕಿ ಇರುವ ರೂಮ್ ತೆಗೆದುಕೊಂಡೆವು. ಎದುರಿಗೇ, ಕಾರಿಡಾರಿನ ಆ ಕಡೆ, ಕಿಟಕಿ ಇಲ್ಲದ ಒಳರೂಮಿನಲ್ಲಿ ನಾವು ನಾಲ್ವರು. ಮಕ್ಕಳಿಗೆ ಚಾವಣಿಯಿಂದ ಇಳಿಸುವ ಬಂಕ್ ಹಾಸಿಗೆ. ಬೆಳಿಗ್ಗೆ ಎದ್ದ ತಕ್ಷಣ ಇಬ್ಬರೂ ಸಮುದ್ರ ನೋಡೋಕೆ ತಾತನ ರೂಮಿಗೆ ಓಡುತ್ತಿದ್ದರು. ಹಿರಿಯರನ್ನು ಒಳರೂಮಿಗೆ ಹಾಕಬೇಡಿ. ಹೊತ್ತು ಹುಟ್ಟಿದ್ದು, ಮುಳುಗಿದ್ದು ಗೊತ್ತಾಗದೆ ಅವರಿಗೆ ಉಸಿರು ಕಟ್ಟಿದಂತಾಗುತ್ತದೆ.

ಪಾಸ್‌ಪೋರ್ಟ್, ವೀಸಾ ಏನೇನು ಬೇಕು?

ಇದನ್ನು ನಿಧಾನವಾಗಿ ಓದಿ. ಕ್ರೂಸ್ ಅಂದರೆ ಅಮೆರಿಕದೊಳಗಿನ ಪಿಕ್ನಿಕ್ ಅಂದುಕೊಂಡು ತೊಂದರೆಗೆ ಸಿಕ್ಕವರನ್ನು ನಾನು ನೋಡಿದ್ದೇನೆ. ಬಹಾಮಾಸ್ ಬೇರೆ ದೇಶ. ನೀವು ದೇಶ ಬಿಟ್ಟು ಮತ್ತೆ ಒಳಗೆ ಬರುತ್ತಿದ್ದೀರಿ.

ಅಮೆರಿಕದ ಪೌರರು, ಹೊರಟ ಬಂದರಿಗೇ ವಾಪಸ್ ಬರುವ ಕ್ರೂಸ್ ಆದರೆ, ಜನನ ಪ್ರಮಾಣಪತ್ರ ಮತ್ತು ಫೋಟೊ ಇರುವ ಸರ್ಕಾರಿ ಐಡಿ ತೋರಿಸಿಯೂ ಹೋಗಬಹುದು. 16ರೊಳಗಿನ ಮಕ್ಕಳಿಗೆ ಜನನ ಪ್ರಮಾಣಪತ್ರ ಸಾಕು. ಆದರೂ ಇಲ್ಲಿ ಹುಟ್ಟಿದ ಮಕ್ಕಳಿಗೂ ಪಾಸ್‌ಪೋರ್ಟ್ ಮಾಡಿಸಿಕೊಂಡೇ ಹೋಗಿ. ನಸ್ಸೌನಲ್ಲಿ ಯಾರಿಗಾದರೂ ಹುಷಾರು ತಪ್ಪಿ ವಿಮಾನದಲ್ಲಿ ಬರಬೇಕಾದರೆ ಪಾಸ್‌ಪೋರ್ಟ್ ಇಲ್ಲದೆ ಪರದಾಡಬೇಕಾಗುತ್ತದೆ.

ಎಚ್-1ಬಿ ಕೆಲಸದ ವೀಸಾ, ಅವರ ಮನೆಯವರ ಎಚ್-4 ವೀಸಾದಲ್ಲಿ ಇರುವವರು ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟಾಂಪಿನ ತಾರೀಕು ನೋಡಿಕೊಳ್ಳಿ. ಐ-797 ಅನ್ನುವ ಮಂಜೂರಾತಿ ಪತ್ರ ಕೈಯಲ್ಲಿದ್ದು ಸ್ಟಾಂಪ್ ಮುಗಿದಿದ್ದರೆ ಇಲ್ಲಿ ಕೆಲಸ ಮಾಡೋಕೆ ತೊಂದರೆ ಇಲ್ಲ, ಆದರೆ ಹೊರಗೆ ಹೋಗಿ ಒಳಗೆ ಬರೋಕೆ ಸ್ಟಾಂಪ್ ಬೇಕು. "30 ದಿನದೊಳಗೆ ಬಂದರೆ ಹಳೇ ಸ್ಟಾಂಪ್ ನಡೆಯುತ್ತದೆ" ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಎಚ್ ವೀಸಾದವರಿಗೆ ಆ ಅನುಕೂಲ ಇರೋದು ಕೆನಡಾ, ಮೆಕ್ಸಿಕೊಗೆ ಹೋಗಿಬಂದಾಗ ಮಾತ್ರ. ಹತ್ತಿರದ ದ್ವೀಪಗಳಿಗೂ ಅದು ನಡೆಯೋದು ಎಫ್ (ವಿದ್ಯಾರ್ಥಿ) ಮತ್ತು ಜೆ (ಎಕ್ಸ್‌ಚೇಂಜ್) ವೀಸಾದವರಿಗೆ. ಬಹಾಮಾಸ್‌ಗೆ ಹೋಗುವ ಎಚ್-1ಬಿಯವರು ಇದನ್ನು ನಂಬಿಕೊಂಡು ಹೊರಡಬೇಡಿ.

ಗ್ರೀನ್ ಕಾರ್ಡ್ ಅರ್ಜಿ ಐ-485 ಹಂತದಲ್ಲಿದ್ದರೆ, ಹಡಗಿನ ಟಿಕೆಟ್‌ಗೆ ಮುಂಚೆ ನಿಮ್ಮ ವಕೀಲರಿಗೆ ಫೋನ್ ಮಾಡಿ. ಅಡ್ವಾನ್ಸ್ ಪೆರೋಲ್ (ಹೊರಗೆ ಹೋಗಿಬರಲು ಮೊದಲೇ ಪಡೆಯುವ ಅನುಮತಿ) ಅಥವಾ ಸರಿಯಾದ ಎಚ್, ಎಲ್ ವೀಸಾ ಇಲ್ಲದೆ ಹೊರಗೆ ಹೋದರೆ ಅರ್ಜಿಯನ್ನೇ ಕೈಬಿಟ್ಟಂತೆ ಲೆಕ್ಕ.

ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮನ ವೀಸಾ ಹಲವು ಸಲ ಬಳಸುವಂಥದ್ದಾ, ಇನ್ನೂ ಚಾಲ್ತಿಯಲ್ಲಿದೆಯಾ ನೋಡಿ. ಭಾರತೀಯ ಪಾಸ್‌ಪೋರ್ಟಿನವರಿಗೆ ಆ ದಾರಿಯ ದೇಶಗಳು ಏನು ಕೇಳುತ್ತವೆ ಅನ್ನೋದನ್ನು ಹಡಗು ಕಂಪನಿಗೆ ಈಮೇಲ್ ಮಾಡಿ, ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಆ ಪ್ರಿಂಟ್ ಪಾಸ್‌ಪೋರ್ಟ್ ಜೊತೆಗೇ ಇರಲಿ. ಟರ್ಮಿನಲ್‌ನಲ್ಲಿ ಕಾಗದ ಸರಿಯಿಲ್ಲ ಅಂದರೆ ಹತ್ತಿಸಿಕೊಳ್ಳಲ್ಲ, ದುಡ್ಡೂ ವಾಪಸ್ ಬರಲ್ಲ.

ಫ್ಲೋರಿಡಾಗೆ ಮಾತ್ರ ಹೋಗಿಬರುವ ಹಡಗು ಯಾಕಿಲ್ಲ? ಹಾಗಿದ್ದರೆ ವೀಸಾ ಗೊಡವೆಯೇ ಇರಲ್ಲ ಅಲ್ವಾ?

1886ರ ಒಂದು ಅಮೆರಿಕನ್ ಕಾನೂನು ಇದಕ್ಕೆ ಕಾರಣ. ಬೇರೆ ದೇಶದ ಧ್ವಜದ ಹಡಗು ಬರೀ ಅಮೆರಿಕದ ಬಂದರುಗಳ ನಡುವೆ ಜನರನ್ನು ಸಾಗಿಸುವಂತಿಲ್ಲ. ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮದಂಥ ದೇಶಗಳಲ್ಲಿ ನೋಂದಣಿಯಾದವು. ಹಾಗಾಗಿ ಫ್ಲೋರಿಡಾದ ಪೋರ್ಟ್ ಕ್ಯಾನವೆರಲ್‌ಗೆ ಹೋದರೂ ನಸ್ಸೌನಂಥ ಒಂದು ಹೊರದೇಶದ ಬಂದರು ದಾರಿಯಲ್ಲಿ ಇರಲೇಬೇಕು.

ಎಷ್ಟು ಚಿಕ್ಕ ಮಗುವನ್ನು ಕರೆದುಕೊಂಡು ಹೋಗಬಹುದು?

ಸಾಮಾನ್ಯವಾಗಿ 6 ತಿಂಗಳು ತುಂಬಿರಬೇಕು. ಆದರೆ ಸತತ ಮೂರು ದಿನ ಸಮುದ್ರದಲ್ಲೇ ಇರುವ ದಾರಿಯಾದರೆ ಹಲವು ಕಂಪನಿಗಳು 12 ತಿಂಗಳು ಕೇಳುತ್ತವೆ. ಉತ್ತರದ ಬಂದರುಗಳಿಂದ ದೂರದ ಕೆರಿಬಿಯನ್‌ಗೆ ಹೋಗುವ ಹಡಗುಗಳಲ್ಲಿ ಇಂಥ ದಿನಗಳು ಬರುತ್ತವೆ, ನೋಡಿಕೊಳ್ಳಿ. ಬಸುರಿಯರಿಗೆ 24ನೇ ವಾರ ಶುರುವಾಗುತ್ತಿದ್ದರೆ ಹತ್ತಿಸಿಕೊಳ್ಳಲ್ಲ. ಆ ಲೆಕ್ಕ ವಾಪಸ್ ಬರುವ ದಿನಕ್ಕೂ ಸೇರುತ್ತದೆ.

ಡೈಪರ್ ಹಾಕುವ ಮಕ್ಕಳಿಗೆ ಪೂಲ್ ಇಲ್ಲ, ಸ್ವಿಮ್ ಡೈಪರ್ ಹಾಕಿದ್ದರೂ ಇಲ್ಲ. ಕೆಲವು ಹಡಗುಗಳಲ್ಲಿ ಪುಟ್ಟ ಮಕ್ಕಳಿಗೇ ಬೇರೆ ನೀರಾಟದ ಜಾಗ ಇರುತ್ತದೆ. ಕಿಡ್ಸ್ ಕ್ಲಬ್‌ಗೆ ಸಾಮಾನ್ಯವಾಗಿ 3 ವರ್ಷ ತುಂಬಿರಬೇಕು, ಟಾಯ್ಲೆಟ್ ಅಭ್ಯಾಸ ಆಗಿರಬೇಕು.

ಬಟ್ಟೆ ಏನೇನು? ಎರಡು ಹವೆಗೂ ಪ್ಯಾಕ್ ಮಾಡಬೇಕಾ?

ಹೌದು, ಆದರೆ ಎರಡು ಸೂಟ್‌ಕೇಸ್ ಬೇಡ. ಚಳಿ ಬಟ್ಟೆ ಮೈಮೇಲೆ, ಬಿಸಿಲ ಬಟ್ಟೆ ಪೆಟ್ಟಿಗೆಯಲ್ಲಿ. ಒಬ್ಬರಿಗೆ ಒಂದೇ ಒಂದು ತೆಳು ಡೌನ್ ಜಾಕೆಟ್, ಒಳಗೆ ಥರ್ಮಲ್, ಟೋಪಿ, ಗ್ಲೌಸ್. ದಪ್ಪ ಓವರ್‌ಕೋಟ್‌ಗಳಿಗೆ ಹಡಗಿನ ಬೀರುವಿನಲ್ಲಿ ಜಾಗವೇ ಇರಲ್ಲ. ತೆಳು ಜಾಕೆಟನ್ನೂ ಕಾರಿನಲ್ಲಿ ಬಿಟ್ಟು ಹೋಗೋಣ ಅಂತ ಅನ್ನಿಸುತ್ತದೆ. ಬೇಡ, ಹೊರಡುವ ಸಂಜೆ ಡೆಕ್ ಮೇಲೆ ನಿಲ್ಲೋಕೆ ಜಾಕೆಟ್ ಬೇಕೇ ಬೇಕು.

ಸೂಟ್‌ಕೇಸ್‌ಗಳನ್ನು ಟರ್ಮಿನಲ್‌ನಲ್ಲೇ ತೆಗೆದುಕೊಂಡುಬಿಡುತ್ತಾರೆ, ರೂಮಿಗೆ ಬರೋದು ಸಂಜೆ. ಆದ್ದರಿಂದ ಔಷಧ, ಪಾಸ್‌ಪೋರ್ಟ್, ಮಕ್ಕಳ ಈಜುಡುಗೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಡ್ರೆಸ್ ಅಪ್ ಮಾಡಿಕೊಂಡು ಊಟಕ್ಕೆ ಹೋಗುವ ಒಂದೆರಡು ರಾತ್ರಿ ಇರುತ್ತವೆ. ಅಮ್ಮ ಹಸಿರು ಮೈಸೂರು ಸಿಲ್ಕ್ ಉಟ್ಟಿದ್ದರು. ಪಕ್ಕದ ಟೇಬಲಿನ ಅಜ್ಜಿಯೊಬ್ಬರು ಎದ್ದು ಬಂದು ಸೆರಗು ಮುಟ್ಟಿ ನೋಡಿ, ಒಟ್ಟಿಗೆ ಫೋಟೊ ತೆಗೆಸಿಕೊಂಡರು. ಭಾಷೆ ಗೊತ್ತಿಲ್ಲದಿದ್ದರೂ ಇಬ್ಬರೂ ವಾರವಿಡೀ ಗೆಳತಿಯರಾಗಿದ್ದರು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ? ಅಮ್ಮನಿಗೆ ಅನ್ನ-ಸಾರು ಇಲ್ಲದೆ ಆಗಲ್ಲ.

ಸಿಗುತ್ತದೆ. ಬುಕ್ ಮಾಡುವಾಗಲೇ ಸಸ್ಯಾಹಾರ ಅಂತ ಬರೆಸಿ. ಮೊದಲ ರಾತ್ರಿ ಡೈನಿಂಗ್ ರೂಮಿನಲ್ಲಿ ಹೆಡ್ ವೇಟರ್ ಹತ್ತಿರ ನಾವು ಆರು ಜನ, ಇಂಥವರು ಮೊಟ್ಟೆಯನ್ನೂ ತಿನ್ನಲ್ಲ ಅಂತ ಬಿಡಿಸಿ ಹೇಳಿ. ಹಡಗಿನಲ್ಲಿ ಭಾರತದವರು ತುಂಬಾ ಜನ ಕೆಲಸ ಮಾಡುತ್ತಾರೆ. ನಮ್ಮ ಟೇಬಲ್‌ಗೆ ಬರುತ್ತಿದ್ದ ಹುಡುಗ ಮಂಗಳೂರಿನವನು. ಅಮ್ಮ ಕನ್ನಡದಲ್ಲಿ ಮಾತಾಡಿದ್ದು ಕೇಳಿ ಅವನ ಮುಖ ಅರಳಿತು. ಮಾರನೇ ರಾತ್ರಿಯಿಂದ ಕೇಳದೆಯೇ ದಾಲ್, ಪಲ್ಯ, ಬಿಳಿ ಅನ್ನ, ಗಟ್ಟಿ ಮೊಸರು ಬರುತ್ತಿತ್ತು. ಅವನು ಮನೆ ಬಿಟ್ಟು ಏಳು ತಿಂಗಳಾಗಿತ್ತಂತೆ. ಕೊನೆಯ ದಿನ ಅಮ್ಮ ಅವನ ಕೈಗೆ ಒಂದು ಪ್ಯಾಕೆಟ್ ಕೋಡುಬಳೆ ಕೊಟ್ಟು ಬಂದರು.

ರೈಸ್ ಕುಕ್ಕರ್, ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿಪೆಟ್ಟಿಗೆ ಒಯ್ಯುವಂತಿಲ್ಲ, ಬೆಂಕಿಯ ಭಯಕ್ಕೆ ಹಿಡಿದಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಮಾಡಿದ ತಿಂಡಿಯನ್ನೂ ಹಲವು ಕಂಪನಿಗಳು ಬಿಡುವುದಿಲ್ಲ. ಅಂಗಡಿಯಿಂದ ತಂದ, ಸೀಲ್ ಒಡೆಯದ ಚಟ್ನಿಪುಡಿ, ಚಕ್ಕುಲಿ, ಖಾಕ್ರಾ ಪ್ಯಾಕೆಟ್‌ಗಳಿಗೆ ನಮಗೆ ಯಾರೂ ಏನೂ ಅನ್ನಲಿಲ್ಲ.

ಬಫೆಗೆ ಹೋಗುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಕೈಯನ್ನೂ ನೀವೇ ನಿಂತು ತೊಳೆಸಿ. ಹಡಗಿನಲ್ಲಿ ವಾಂತಿ-ಭೇದಿ ಹರಡುವ ನೊರೊವೈರಸ್‌ಗೆ ಸ್ಯಾನಿಟೈಜರ್ ಅಷ್ಟಾಗಿ ನಾಟುವುದಿಲ್ಲ.

ಹಿರಿಯರ ಆರೋಗ್ಯ, ಇನ್ಶೂರೆನ್ಸ್?

ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಪುಟ್ಟ ಆಸ್ಪತ್ರೆಯೂ ಇರುತ್ತದೆ. ಆದರೆ ಬಿಲ್ ನಿಮ್ಮ ರೂಮಿನ ಲೆಕ್ಕಕ್ಕೇ ಬೀಳುತ್ತದೆ. ಅಪ್ಪ-ಅಮ್ಮನಿಗೆ ಮಾಡಿಸಿದ ವಿಸಿಟರ್ ಇನ್ಶೂರೆನ್ಸ್ ಅಮೆರಿಕದ ನೆಲ ಬಿಟ್ಟಮೇಲೆ ನಡೆಯುತ್ತದಾ ಅಂತ ಪಾಲಿಸಿ ತೆಗೆದು ಓದಿ. ಹಡಗಿನಿಂದ ರೋಗಿಯನ್ನು ಹೆಲಿಕಾಪ್ಟರ್ ಅಥವಾ ವಿಮಾನದಲ್ಲಿ ಸಾಗಿಸುವ ಖರ್ಚು ಸೇರಿರುವ ಟ್ರಾವೆಲ್ ಇನ್ಶೂರೆನ್ಸ್ ಬೇರೆಯಾಗಿ ಮಾಡಿಸಿ. ಇದರಲ್ಲಿ ಜಿಪುಣತನ ಮಾಡಬೇಡಿ. ಬಿಪಿ, ಶುಗರ್ ಮಾತ್ರೆ ಹತ್ತು ದಿನಕ್ಕಾಗುವಷ್ಟು ಇರಲಿ, ಹಡಗು ಒಂದು ದಿನ ತಡವಾದರೂ ಸಾಲಬೇಕು.

ಮಂಡಿನೋವು ಇದ್ದರೆ ಟರ್ಮಿನಲ್‌ನಲ್ಲಿ ವೀಲ್‌ಚೇರ್ ಬೇಕು ಅಂತ ಮೊದಲೇ ತಿಳಿಸಿ. ನಸ್ಸೌನಲ್ಲೂ, ರಾಯಲ್ ಕೆರಿಬಿಯನ್‌ನ ಖಾಸಗಿ ದ್ವೀಪ ಕೋಕೊಕೇಯಲ್ಲೂ ಹಡಗು ನೇರವಾಗಿ ಕಟ್ಟೆಗೇ ಬಂದು ನಿಲ್ಲುತ್ತದೆ. ಸಣ್ಣ ದೋಣಿಗೆ ಇಳಿದು ಹತ್ತುವ ಕಷ್ಟ ಇಲ್ಲ.

ಹೊರಡುವ ದಿನವೇ ಹಿಮ ಬಿದ್ದರೆ? ವಾರವಿಡೀ ಕಾರು ಅಲ್ಲೇ ನಿಂತರೆ?

ಹಿಮ ಬಿದ್ದರೂ ಹಡಗು ಸಾಮಾನ್ಯವಾಗಿ ಹೊರಡುತ್ತದೆ, ತಡವಾಗಬಹುದು ಅಷ್ಟೇ. ತೊಂದರೆ ಇರೋದು ರಸ್ತೆಯಲ್ಲಿ. ಎರಡು ಗಂಟೆಗಿಂತ ದೂರದಿಂದ ಬರುವವರು ಹಿಂದಿನ ರಾತ್ರಿ ಹತ್ತಿರದಲ್ಲೇ ತಂಗಿ.

ಪಾರ್ಕಿಂಗ್ ಟರ್ಮಿನಲ್ ಪಕ್ಕದಲ್ಲೇ ಇದೆ, ದಿನದ ಲೆಕ್ಕ. ವಾರಕ್ಕೆ ಸುಲಭವಾಗಿ 200 ಡಾಲರ್ ದಾಟುತ್ತದೆ. ಎರಡು ಟ್ಯಾಕ್ಸಿಯ ಬೆಲೆ ಹೋಲಿಸಿ ನೋಡಿ. ಕಾರು ಬಿಡುವುದಾದರೆ ಅರ್ಧಕ್ಕಿಂತ ಜಾಸ್ತಿ ಪೆಟ್ರೋಲ್ ಇರಲಿ. ಹಿಮ ತೆಗೆಯುವ ಬ್ರಷ್, ಪುಟ್ಟ ಸಲಿಕೆ, ಬ್ಯಾಟರಿ ಜಂಪ್ ಸ್ಟಾರ್ಟರ್ ಡಿಕ್ಕಿಯಲ್ಲಿ ಹಾಕಿಕೊಂಡಿರಿ. ವಾರವಿಡೀ ಕೊರೆಯುವ ಚಳಿಯಲ್ಲಿ ನಿಂತ ಹಳೇ ಬ್ಯಾಟರಿ ಕೈಕೊಡುವುದು ಮಾಮೂಲು. ಮೊದಲ ಸಲ ನಮಗೆ ಅದೇ ಆಯಿತು. ಹಡಗಿನಿಂದ ಇಳಿದು ಬಂದರೆ ಕಾರು ಉಸಿರೇ ಎತ್ತಲಿಲ್ಲ. ಚಳಿಯಲ್ಲಿ ಮಕ್ಕಳನ್ನು ಒಂದು ಗಂಟೆ ತಬ್ಬಿಕೊಂಡು ನಿಂತಿದ್ದೆ. ಎರಡನೇ ಸಲ ಹೊರಡುವ ಮುಂಚೆಯೇ ಬ್ಯಾಟರಿ ಚೆಕ್ ಮಾಡಿಸಿದೆವು.

ಇನ್ನೊಂದು ವಿಷಯ, ಮಕ್ಕಳಿಗೆ ದಪ್ಪ ಜಾಕೆಟ್ ಹಾಕಿಸಿ ಕಾರ್ ಸೀಟಿನಲ್ಲಿ ಕಟ್ಟಬೇಡಿ. ಬೆಲ್ಟ್ ಸಡಿಲವಾಗುತ್ತದೆ. ಬೆಲ್ಟ್ ಹಾಕಿದ ಮೇಲೆ ಜಾಕೆಟ್ ಹೊದಿಸಿ.

ಹೊರಡುವ ಸಂಜೆ ಚಳಿಯಲ್ಲಿ ಡೆಕ್‌ಗೆ ಹೋಗಲೇಬೇಕಾ?

ದಯವಿಟ್ಟು ಹೋಗಿ. ಹೊರಡುವ ಮುಂಚೆ ಎಲ್ಲರೂ ಸೇಫ್ಟಿ ಡ್ರಿಲ್ ಮುಗಿಸಬೇಕು. ಏಳು ಚಿಕ್ಕ, ಒಂದು ಉದ್ದ ಸೈರನ್ ಕೇಳಿದರೆ ಎಲ್ಲಿ ಸೇರಬೇಕು ಅಂತ ಅಪ್ಪ-ಅಮ್ಮನಿಗೂ ಮಕ್ಕಳಿಗೂ ಆ ಜಾಗ ತೋರಿಸಿ. ಅದಾದ ಮೇಲೆ ಎಲ್ಲರನ್ನೂ ಬೆಚ್ಚಗೆ ಸುತ್ತಿ ಮೇಲಕ್ಕೆ ಕರೆದುಕೊಂಡು ಹೋಗಿ.

ಡಿಸೆಂಬರ್ ಕೊನೆಯಲ್ಲಿ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ, ಫೆಬ್ರವರಿಯಲ್ಲಿ ಒಂದು ಗಂಟೆ ತಡ. ಹಡಗು ಬಂದರಿನಿಂದ ಸರಿಯುವ ಹೊತ್ತಿಗೆ ಮ್ಯಾನ್‌ಹ್ಯಾಟನ್ ದೀಪಗಳು ಹತ್ತಿಕೊಳ್ಳುತ್ತಿರುತ್ತವೆ. ದೂರದಲ್ಲಿ ಸ್ವಾತಂತ್ರ್ಯ ದೇವಿಯ ಪ್ರತಿಮೆ. ಹಡಗು ದಕ್ಷಿಣಕ್ಕೆ ತಿರುಗಿದ ಮೇಲೆ ಅದು ಹಿಂದೆ ಬೀಳುತ್ತದೆ, ಆದ್ದರಿಂದ ಹಿಂಭಾಗದ ಡೆಕ್ ಒಳ್ಳೆಯದು. ಆಮೇಲೆ ವೆರಜಾನೊ ಸೇತುವೆ. 1964ರಲ್ಲಿ ಕಟ್ಟಿದ್ದು, ನೀರಿನಿಂದ 228 ಅಡಿ ಎತ್ತರ. ಕ್ವೀನ್ ಮೇರಿ 2 ಹಡಗಿನ ಹೊಗೆಕೊಳವೆಯನ್ನು ಈ ಸೇತುವೆ ಕೆಳಗೆ ದಾಟಲಿ ಅಂತಲೇ ಗಿಡ್ಡ ಮಾಡಿದ್ದಾರೆ. ನಮ್ಮ ಹಡಗು ಹತ್ತಿರ ಬಂದಾಗ ಇನ್ನೇನು ತಾಗಿಯೇಬಿಟ್ಟಿತು ಅನ್ನಿಸಿತು. ಮಗಳು ಕೈ ಮೇಲೆತ್ತಿ ನಿಂತಿದ್ದಳು. ಅಪ್ಪ ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಮಂಕಿ ಕ್ಯಾಪ್ ಹಿಂದಕ್ಕೆ ಸರಿಸಿ, ಸೇತುವೆ ಪೂರ್ತಿ ದಾಟುವವರೆಗೂ ತಲೆ ಎತ್ತಿ ನೋಡುತ್ತಲೇ ಇದ್ದರು. ಮೂರು ವಾರದಲ್ಲಿ ಅವರು ಅಷ್ಟು ಹೊತ್ತು ಹೊರಗೆ ನಿಂತಿದ್ದು ಅದೇ ಮೊದಲು.

ನಸ್ಸೌನಲ್ಲಿ ಏನು ಮಾಡೋದು?

ದುಬಾರಿ ಟೂರ್ ಬೇಕಾಗಿಲ್ಲ. ಬಂದರಿನಿಂದ ನಡೆದೇ, ಹುಲ್ಲಿನಲ್ಲಿ ಹೆಣೆದ ಬುಟ್ಟಿ-ಟೋಪಿ ಮಾರುವ ಸ್ಟ್ರಾ ಮಾರ್ಕೆಟ್‌ಗೆ ಹೋಗಬಹುದು. ಇನ್ನೂ ಸ್ವಲ್ಪ ಮುಂದೆ ಹೋದರೆ ಕ್ವೀನ್ಸ್ ಸ್ಟೇರ್‌ಕೇಸ್. ಗುಲಾಮರಾಗಿದ್ದ ಜನ 1790ರ ದಶಕದಲ್ಲಿ ಸುಣ್ಣಕಲ್ಲಿನ ಗುಡ್ಡವನ್ನೇ ಕಡಿದು ಮಾಡಿದ ಮೆಟ್ಟಿಲುಗಳು. ಎರಡೂ ಕಡೆ ಎತ್ತರದ ಕಲ್ಲಿನ ಗೋಡೆ, ನಡುವೆ ತಂಪು ನೆರಳು. ಅದರ ಕತೆಯನ್ನು ಮಕ್ಕಳಿಗೆ ಹೇಳಿ. ಅಪ್ಪ ಮೇಲಿನವರೆಗೂ ಹತ್ತಿದರು. ಅಮ್ಮ ಕೆಳಗೆ ಕಟ್ಟೆ ಮೇಲೆ ಕೂತು, "ಎಷ್ಟು ಕೈಗಳು ಸವೆದಿರಬೇಕು" ಅಂದರು. ಅಲ್ಲಿ ಅಮೆರಿಕದ ಡಾಲರ್ ನಡೆಯುತ್ತದೆ, ಒಂದಕ್ಕೆ ಒಂದು. ವಾಚ್‌ನಲ್ಲಿ ಹಡಗಿನ ಟೈಮ್ ಇರಲಿ, ತಡವಾದರೆ ಕಾಯುವುದಿಲ್ಲ.

ಟಿಕೆಟ್ ಬೆಲೆ ಬಿಟ್ಟು ಇನ್ನೇನು ಖರ್ಚು?

ಟಿಪ್ಸ್ ಒಬ್ಬರಿಗೆ ದಿನಕ್ಕೆ 16ರಿಂದ 20 ಡಾಲರ್ ಆಸುಪಾಸು, ಮಕ್ಕಳಿಗೂ ಸೇರಿ. ಆರು ಜನ ಏಳು ರಾತ್ರಿ ಅಂದರೆ 670ರಿಂದ 840 ಡಾಲರ್, ಇದನ್ನು ಮೊದಲೇ ಬಜೆಟ್‌ನಲ್ಲಿ ಸೇರಿಸಿ. ವೈಫೈಗೆ ಬೇರೆ ದುಡ್ಡು. ಹಡಗು ಹೊರಟ ತಕ್ಷಣ ಎಲ್ಲರ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ, ಅಪ್ಪನ ಫೋನ್ ಮರೆಯಬೇಡಿ. ಸಮುದ್ರದ ಮೇಲಿನ ರೋಮಿಂಗ್ ಬಿಲ್ ಭಾರೀ ಬರುತ್ತದೆ. ಕ್ರಿಸ್‌ಮಸ್ ಮತ್ತು ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ವಾರ ಬೆಲೆ ಜಾಸ್ತಿ. ಮಕ್ಕಳು ಇನ್ನೂ ಸ್ಕೂಲಿಗೆ ಹೋಗದಿದ್ದರೆ ಜನವರಿ ಮಧ್ಯದಲ್ಲಿ ಹೋಗಿ.

ಇಳಿಯುವ ದಿನ ಏನು ಗಮನದಲ್ಲಿಡಬೇಕು?

ಹಿಂದಿನ ರಾತ್ರಿ ಸೂಟ್‌ಕೇಸ್‌ಗಳನ್ನು ರೂಮಿನ ಹೊರಗಿಡಲು ಹೇಳುತ್ತಾರೆ. ಜಾಕೆಟ್, ಸಾಕ್ಸ್, ಬೂಟು, ಟೋಪಿ ಅದರೊಳಗೆ ಹೋಗದಂತೆ ನೋಡಿಕೊಳ್ಳಿ. ಪ್ರತಿ ಸಲವೂ ಯಾರಾದರೂ ಚಡ್ಡಿ, ಚಪ್ಪಲಿಯಲ್ಲಿ ನಡುಗುತ್ತಾ ಇಳಿಯುವುದನ್ನು ನೋಡುತ್ತೇನೆ. ಪಾಪ, ಮೂರು ದಿನದ ಬಿಸಿಲಲ್ಲಿ ಚಳಿ ಮರೆತುಹೋಗಿರುತ್ತದೆ.

ಹಣ್ಣು ಒಯ್ಯಬೇಡಿ. ಬಫೆಯಿಂದ ತಂದ ಒಂದು ಬಾಳೆಹಣ್ಣು ಅಮ್ಮನ ಬ್ಯಾಗಿನಲ್ಲಿತ್ತು, ಕಾರಿನಲ್ಲಿ ಮಗುವಿಗೆ ಹಸಿವಾದರೆ ಅಂತ ಇಟ್ಟುಕೊಂಡಿದ್ದರು. ಗ್ಯಾಂಗ್‌ವೇ ಹತ್ತಿರ ನೆನಪಾಗಿ ಹೇಳಿದರು. ಅಲ್ಲೇ ನಿಂತು ಮಗನಿಗೆ ತಿನ್ನಿಸಿ, ಸಿಪ್ಪೆ ಕಸದ ಬುಟ್ಟಿಗೆ ಹಾಕಿ ಕಸ್ಟಮ್ಸ್ ಸಾಲಿಗೆ ಹೋದೆವು. ಮನೆಗೆ ಬಂದ ದಿನವೇ ಅಮೆರಿಕದ ಕಸ್ಟಮ್ಸ್ ಇಲಾಖೆಯ (ಸಿಬಿಪಿ) ವೆಬ್‌ಸೈಟ್‌ನಲ್ಲಿ ಅಪ್ಪ-ಅಮ್ಮನ ಐ-94, ಅಂದರೆ ಎಲ್ಲಿಯವರೆಗೆ ಇಲ್ಲಿರಬಹುದು ಅನ್ನುವ ದಾಖಲೆ ತೆಗೆದು ತಾರೀಕು ನೋಡಿ, ಒಂದು ಪ್ರಿಂಟ್ ತೆಗೆದಿಡಿ.